ಸತ್ತ ಎಂದರೆ ಸತ್ತವರಲ್ಲ: ಕಚ್ಚಾಯನ ವ್ಯಾಕರಣದೊಡನೆ ಎರಡು ವರ್ಷ

2017ರ ಬುದ್ಧಪೂರ್ಣಿಮೆಯ ಸಂಜೆ ಬೆಂಗಳೂರಿನ ವಿಹಾರವೊಂದರಲ್ಲಿ ಮೆತ್ತಸುತ್ತದ ಪಠಣ ಕೇಳುತ್ತ ಕುಳಿತಿದ್ದಾಗ ‘ಸಬ್ಬಸತ್ತಾ ಭವನ್ತು ಸುಖಿತತ್ತಾ’ ಎಂಬ ಸಾಲು ಬಂದಿತು. ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನ ಕಿವಿಗೆ ಅಲ್ಲಿ ಕೇಳಿಸಿದ್ದು ಸತ್ತವರ ಸುದ್ದಿ. ಎಲ್ಲ ಜೀವಿಗಳೂ ಸುಖವಾಗಿರಲಿ ಎಂಬುದು ಅದರ ಅರ್ಥವೆಂದು ಪಕ್ಕದಲ್ಲಿದ್ದವರು ಹೇಳಿದ ಮೇಲೆ ನಗು ಬಂದರೂ, ಜೀವಿಗೆ ‘ಸತ್ತ’ ಎಂಬ ಹೆಸರು ಹೇಗೆ ಬಂತು ಎಂಬ ಪ್ರಶ್ನೆ ಮನೆಗೆ ಹೋದ ಮೇಲೂ ಬಿಡಲಿಲ್ಲ. ಸಂಸ್ಕೃತದ ‘ಸತ್ತ್ವ’ವೇ ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ‘ಸತ್ತ’ ಆಗಿರಬೇಕೆಂದು ನನಗೆ ನಾನೇ ಉತ್ತರ ಹೇಳಿಕೊಂಡೆ. ಉತ್ತರ ತಪ್ಪಾಗಿರಲಿಲ್ಲ. ಆದರೆ ಅದು ನಾನು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ ಎಂಬುದು ತಿಳಿಯಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಅದೇ ವಿಹಾರದ ಪರಿಚಯದಿಂದ, ಬರ್ಮಾದ ಸಗಾಯಿಂಗ್‌ನಲ್ಲಿ ಪಾಲಿ ವ್ಯಾಕರಣ ಕಲಿಸುವ ಭಿಕ್ಷುಗಳೊಬ್ಬರು ನನಗೆ ದೂರದಿಂದಲೇ ಪಾಠ ಹೇಳಲು ಒಪ್ಪಿದರು. 2018ರ ಜೂನ್‌ನಲ್ಲಿ ಪಾಠ ಆರಂಭವಾಯಿತು. ನಮ್ಮಲ್ಲಿ ಬೆಳಗಿನ ಆರೂವರೆಯಾದಾಗ ಅಲ್ಲಿ ಏಳೂವರೆ. ಅವರು ಬೆಳಗಿನ ಪಿಂಡಪಾತ, ಎಂದರೆ ಭಿಕ್ಷಾಟನೆ, ಮುಗಿಸಿ ಬಂದು ಫೋನಿನ ಮುಂದೆ ಕೂರುತ್ತಿದ್ದರು, ನಾನು ಕಾಫಿಯ ಲೋಟ ಬದಿಗಿಟ್ಟು ನೋಟ್‌ಪುಸ್ತಕ ತೆರೆಯುತ್ತಿದ್ದೆ. ಅವರ ಊರಿನವರು ಅವರನ್ನು ಸಯಾಡೋ ಎನ್ನುತ್ತಾರೆ, ನಾನು ಭಂತೇ ಎನ್ನುತ್ತಿದ್ದೆ, ಅವರು ನನ್ನನ್ನು ಉಪಾಸಕ ಎಂದು ಕರೆಯುತ್ತಿದ್ದರು. ವಿವರಣೆಯೆಲ್ಲ ಸರಳ ಇಂಗ್ಲಿಷಿನಲ್ಲಿ, ಸೂತ್ರವೆಲ್ಲ ಪಾಲಿಯಲ್ಲಿ. ಮೊದಲ ತಿಂಗಳು ಅವರ ಪಾಲಿಯೇ ನನಗೆ ಅರ್ಥವಾಗಲಿಲ್ಲ, ಏಕೆಂದರೆ ಬರ್ಮೀಯರು ಸಕಾರವನ್ನು ಥಕಾರದಂತೆಯೂ ರೇಫವನ್ನು ಯಕಾರವಾಗಿಯೂ ಉಚ್ಚರಿಸುತ್ತಾರೆ. ‘ಸಾಧು’ ಎಂಬುದು ‘ಥಾಧು’ ಆಗುತ್ತಿತ್ತು, ‘ರಾಜಾ’ ಎಂಬುದು ಸುಮಾರಾಗಿ ‘ಯಾಝಾ’ ಆಗುತ್ತಿತ್ತು. ಅವರು ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಕೇಳಿದಂತೆಯೇ ಬರೆದುಕೊಂಡು, ಆಮೇಲೆ ವಾರಾಣಸಿಯಲ್ಲಿ ಅಚ್ಚಾದ ದೇವನಾಗರಿ ಪ್ರತಿಯೊಡನೆ ತಾಳೆ ನೋಡಿ ತಿದ್ದಿಕೊಳ್ಳುವುದು ನನ್ನ ನಿತ್ಯಕರ್ಮವಾಯಿತು.

ಪಠ್ಯ ಕಚ್ಚಾಯನ ವ್ಯಾಕರಣ. ಉಳಿದಿರುವ ಪಾಲಿ ವ್ಯಾಕರಣಗಳಲ್ಲಿ ಅತ್ಯಂತ ಹಳೆಯದಾದ ಇದನ್ನು ಬರ್ಮಾದ ಮಠಗಳಲ್ಲಿ ‘ದೊಡ್ಡ ಸದ್ದ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಸದ್ದ ಎಂದರೆ ಶಬ್ದ, ಶಬ್ದಶಾಸ್ತ್ರ. ನಮ್ಮ ಕನ್ನಡದಲ್ಲಿ ಶಬ್ದದ ತದ್ಭವವೂ ಸದ್ದೇ ಆದ್ದರಿಂದ ನನ್ನ ಹೆಂಡತಿಗೆ ಈ ಹೆಸರು ಬಹಳ ಹಿಡಿಸಿತು. ಬೆಳಗಿನ ನನ್ನ ಗಟ್ಟಿ ಪಠಣವನ್ನು ಅವಳು ‘ದೊಡ್ಡ ಸದ್ದು’ ಎಂದೇ ಕರೆದಳು. ‘ಅತ್ಥೋ ಅಕ್ಖರಸಞ್ಞಾತೋ’, ಅರ್ಥವು ಅಕ್ಷರಗಳಿಂದ ತಿಳಿಯುತ್ತದೆ ಎಂಬುದು ಮೊದಲ ಸೂತ್ರ. ಇದರ ಹಿಂದೆ ಪರಂಪರೆಯಲ್ಲಿ ಒಂದು ಕಥೆಯಿದೆ. ‘ಖಯವಯ’ ಎಂಬ ಮಾತನ್ನು, ಎಂದರೆ ಕ್ಷಯವನ್ನೂ ವ್ಯಯವನ್ನೂ, ಧ್ಯಾನದ ವಸ್ತುವಾಗಿ ಪಡೆದ ಮುದಿ ಭಿಕ್ಷುವೊಬ್ಬನು ನೀರಿನಲ್ಲಿ ಓಡಾಡುವ ಕೊಕ್ಕರೆಯೊಂದನ್ನು ಕಂಡು ಬಾಯಿತಪ್ಪಿ ‘ಉದಕಬಕ’ ಎಂದು ಜಪಿಸುತ್ತ ಕುಳಿತನಂತೆ. ಅದನ್ನರಿತ ಬುದ್ಧನು ಆಡಿದ ಮಾತೇ ಈ ಸೂತ್ರವೆನ್ನುತ್ತಾರೆ. ಅರವತ್ತು ದಾಟಿದ ವಿದ್ಯಾರ್ಥಿಗೆ ಈ ಕಥೆಯನ್ನು ಮೊದಲ ದಿನವೇ ಹೇಳಿದ್ದರಲ್ಲಿ ಭಂತೇ ಅವರಿಗೆ ಏನಾದರೂ ಉದ್ದೇಶವಿತ್ತೇ ಎಂದು ನಾನು ಕೇಳಲಿಲ್ಲ.

ಕ್ರಮ ಹೀಗಿತ್ತು: ದಿನಕ್ಕೆ ಐದು ಸೂತ್ರ ಬಾಯಿಪಾಠ, ಅವುಗಳ ವೃತ್ತಿ ಎಂದರೆ ವಿವರಣೆ, ವೃತ್ತಿಯಲ್ಲಿ ಬರುವ ಉದಾಹರಣೆ, ಆಮೇಲೆ ಆ ಉದಾಹರಣೆಯ ಸಿದ್ಧಿ, ಎಂದರೆ ಸೂತ್ರಗಳಿಂದ ಆ ಪದವನ್ನು ಕಟ್ಟುವುದು. ಸಂಧಿ, ನಾಮ, ಕಾರಕ, ಸಮಾಸ, ತದ್ಧಿತಗಳನ್ನು ದಾಟಲು ಹತ್ತು ತಿಂಗಳು ಹಿಡಿಯಿತು. ಅವುಗಳ ವಿಷಯ ಹೆಚ್ಚು ಹೇಳಲಾರೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠ ಮಾಡಿದವನಿಗೆ ಅಲ್ಲಿಯ ದಾರಿ ಅಪರಿಚಿತವಲ್ಲ, ಪ್ರಕರಣಗಳ ಹೆಸರುಗಳೂ ಬಹುಮಟ್ಟಿಗೆ ಅವೇ. ನಾನು ಕಾದಿದ್ದುದು ಆಖ್ಯಾತಕ್ಕಾಗಿ, ಅಂದರೆ ಕ್ರಿಯಾಪದಗಳ ಪ್ರಕರಣಕ್ಕಾಗಿ.

ಆಖ್ಯಾತದ ಮೊದಲ ವಾರ ಭಂತೇ ‘ಗಚ್ಛತಿ’ ಎಂಬ ಒಂದೇ ಪದ ಕೊಟ್ಟು ಇದನ್ನು ಕಟ್ಟಿ ಎಂದರು. ಹೋಗುತ್ತಾನೆ ಎಂದು ಅರ್ಥ ಬರೆದು ಕಳುಹಿಸಿದೆ. ಅರ್ಥ ಕೇಳಿಲ್ಲ, ಕಟ್ಟಿ ಎಂದಿದ್ದೇನೆ ಎಂದರು. ಕಟ್ಟುವುದೆಂದರೆ ಪ್ರತಿ ಹೆಜ್ಜೆಗೂ ಒಂದು ಸೂತ್ರದ ಅಪ್ಪಣೆ ಪಡೆಯುವುದು. ಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ‘ಗಮು ಗತಿಮ್ಹಿ’ ಎಂದಿದೆ, ಎಂದರೆ ‘ಗಮು’ ಎಂಬ ಧಾತು ಗತಿಯ ಅರ್ಥದಲ್ಲಿ ಸಲ್ಲುತ್ತದೆ. ಒಂದಕ್ಕಿಂತ ಹೆಚ್ಚು ಸ್ವರವುಳ್ಳ ಧಾತುವಿನ ಕೊನೆಯ ಸ್ವರ ಲೋಪವಾಗಲಿ ಎನ್ನುವ ಸೂತ್ರದಿಂದ ಉಕಾರ ಬಿದ್ದುಹೋಗುತ್ತದೆ. ವರ್ತಮಾನಾರ್ಥದಲ್ಲಿ ವತ್ತಮಾನಾ ವಿಭಕ್ತಿ ಬರಲಿ ಎನ್ನುವ ಸೂತ್ರದಿಂದ ‘ತಿ’ ಬರುತ್ತದೆ. ‘ಭೂವಾದಿತೋ ಅ’ ಎಂಬ ಸೂತ್ರ ನಡುವೆ ಒಂದು ಅಕಾರವನ್ನು ತಂದಿಡುತ್ತದೆ. ‘ಗಮಿಸ್ಸನ್ತೋ ಚ್ಛೋ ವಾ ಸಬ್ಬಾಸು’ ಎಂಬುದು ಧಾತುವಿನ ಕೊನೆಯ ಮಕಾರದ ಜಾಗದಲ್ಲಿ ‘ಚ್ಛ’ವನ್ನು ಕೂರಿಸುತ್ತದೆ. ಕಡೆಗೆ, ಸ್ವರವಿಲ್ಲದೆ ನಿಂತ ವ್ಯಂಜನವನ್ನು ಮುಂದಿನ ಅಕ್ಷರಕ್ಕೆ ಒಯ್ದು ಸೇರಿಸು ಎಂದು ಹೇಳುವುದಕ್ಕೂ ಒಂದು ಸೂತ್ರವಿದೆ: ‘ನಯೇ ಪರಂ ಯುತ್ತೇ’. ಅದನ್ನು ಹೇಳದೆ ನಾನು ಪದವನ್ನು ಕೂಡಿಸಿ ಬರೆದಾಗ, ಯಾರನ್ನು ಕೇಳಿ ಸೇರಿಸಿದಿರಿ ಎಂದು ಭಂತೇ ಕೇಳಿದರು. ಇಷ್ಟು ಸಣ್ಣ ವಿಷಯಕ್ಕೂ ಅಪ್ಪಣೆ ಬೇಕೇ ಎಂದು ಆಗ ಸಿಟ್ಟು ಬಂದದ್ದು ನಿಜ. ಆದರೆ ನಲವತ್ತು ಐವತ್ತು ಪದಗಳನ್ನು ಹೀಗೆ ಕಟ್ಟಿದ ಮೇಲೆ, ಓದುವಾಗ ಎದುರಾಗುವ ಹೊಸ ಪದವೂ ಕಣ್ಣೆದುರಿಗೆ ತಾನಾಗಿ ಬಿಡಿಸಿಕೊಳ್ಳತೊಡಗಿತು. ಅದುವರೆಗೆ ನಿಘಂಟು ತೆರೆಯುತ್ತಿದ್ದ ಕೈ ಸುಮ್ಮನಾಯಿತು.

ಈ ಪ್ರಕರಣದ ಪರಿಭಾಷೆ ಮೊದಲು ದಿಕ್ಕು ತಪ್ಪಿಸುತ್ತದೆ. ವಿಧಿ ಮತ್ತು ಆಶೀರ್ವಾದದ ರೂಪಕ್ಕೆ ‘ಪಂಚಮೀ’ ಎಂದೂ, ಆದೀತು, ಆಗಬೇಕು ಎಂಬಂಥ ರೂಪಕ್ಕೆ ‘ಸತ್ತಮೀ’ ಎಂದೂ ಹೆಸರು. ನಾಮವಿಭಕ್ತಿಯ ಪಂಚಮೀ ಸಪ್ತಮಿಗಳಿಗೂ ಇವಕ್ಕೂ ಸಂಬಂಧವಿಲ್ಲ. ಭೂತಕಾಲದ ಒಂದು ರೂಪ ‘ಹಿಯ್ಯತ್ತನೀ’, ನಿನ್ನೆಯದು. ಇನ್ನೊಂದು ‘ಅಜ್ಜತನೀ’, ಇಂದಿನದು. ಆದರೆ ಬುದ್ಧನ ಉಪದೇಶಗಳಾದ ಸುತ್ತಗಳಲ್ಲಿ ಎಂದೋ ನಡೆದುಹೋದ ಕಥೆಯನ್ನೂ ಈ ‘ಇಂದಿನ’ ರೂಪದಲ್ಲೇ ಹೇಳುತ್ತಾರೆ. ಈ ಹೆಸರುಗಳು ಸಂಸ್ಕೃತದ ಕಾತಂತ್ರ ವ್ಯಾಕರಣದಲ್ಲಿಯೂ ಇವೆ. ಪಾಣಿನಿಯ ಲಟ್, ಲೋಟ್, ಲಿಙ್‌ಗಳಿಗಿಂತ ಇವು ಕಚ್ಚಾಯನನಿಗೆ ಹತ್ತಿರ. ನಮ್ಮ ಶಾಲೆಯ ಮಕ್ಕಳಂತೆ ಅಲ್ಲಿಯೂ ‘ಅವನು’ ಎಂಬುದು ಪ್ರಥಮಪುರುಷ, ‘ನಾನು’ ಎಂಬುದು ಉತ್ತಮಪುರುಷ. ಇಂಗ್ಲಿಷ್ ಪುಸ್ತಕಗಳಿಂದ ಪಾಲಿ ಕಲಿತ ಯುವಕನೊಬ್ಬ ಕೆಲವು ತಿಂಗಳು ನಮ್ಮೊಡನೆ ಪಾಠಕ್ಕೆ ಕೂರುತ್ತಿದ್ದ. ಅವನು ಇಲ್ಲಿ ಪದೇಪದೇ ಎಡವಿದ್ದನ್ನೂ ನಾನು ಎಡವದೆ ಹೋದದ್ದನ್ನೂ ಕೊಂಚ ಹೆಮ್ಮೆಯಿಂದಲೇ ನೆನೆಯುತ್ತೇನೆ.

ಗಣಗಳು, ಎಂದರೆ ಧಾತುಗಳ ಗುಂಪುಗಳು, ಸಂಸ್ಕೃತದಲ್ಲಿ ಹತ್ತು, ಇಲ್ಲಿ ಎಂಟು. ಸಂಸ್ಕೃತದಲ್ಲಿ ‘ಗ್ರಹ್’ ಧಾತು ಕ್ರ್ಯಾದಿಗಣದ ಸದಸ್ಯ. ಕಚ್ಚಾಯನ ಅದಕ್ಕೆ ಗಹಾದಿ ಎಂಬ ಬೇರೆ ಗಣವನ್ನೇ ಕಟ್ಟಿಕೊಟ್ಟಿದ್ದಾನೆ. ಬೀದಿಯಲ್ಲಿ ಇರುವುದು ಒಂದೇ ಮನೆಯಾದರೂ ಬೀದಿಗೊಂದು ಹೆಸರಿಟ್ಟಂತೆ ಇದು ಎಂದು ನಾನು ತಮಾಷೆ ಮಾಡಿದೆ. ಆ ಮನೆಗೆ ಎರಡು ಬಾಗಿಲಿವೆ ಎಂದು ಭಂತೇ ಹೇಳಿದರು. ಈ ಧಾತುವಿಗೆ ‘ಪ್ಪ’ ಮತ್ತು ‘ಣ್ಹಾ’ ಎಂಬ ಎರಡು ಪ್ರತ್ಯಯಗಳು ಹತ್ತುತ್ತವೆ: ಣ್ಹಾ ಬಂದಾಗ ಹಕಾರ ಲೋಪವಾಗಿ ‘ಗಣ್ಹಾತಿ’, ಪ್ಪ ಬಂದಾಗ ಗಹವೇ ‘ಘೇ’ ಎಂದಾಗಿ ‘ಘೇಪ್ಪತಿ’. ಎರಡಕ್ಕೂ ಹಿಡಿಯುತ್ತಾನೆ ಎಂದೇ ಅರ್ಥ.

ಕನ್ನಡದವನೆಂಬ ಸಂತೋಷ ನನಗೆ ಹೆಚ್ಚಾಗಿ ಸಿಕ್ಕಿದ್ದು ದಿವಾದಿಗಣದಲ್ಲಿ. ‘ಬುಧ’ ಧಾತುವಿಗೆ ‘ಯ’ ಪ್ರತ್ಯಯ ಬಂದರೆ ಧಕಾರವೂ ಯಕಾರವೂ ಸೇರಿ ಝಕಾರವಾಗಿ, ಅದು ಇಮ್ಮಡಿಸಿ, ಮೊದಲ ಝಕಾರ ಜಕಾರವಾಗಿ ‘ಬುಜ್ಝತಿ’ ಎಂದಾಗುತ್ತದೆ. ಇದಕ್ಕೆ ನಾಲ್ಕು ಸೂತ್ರಗಳು ಬೇಕು. ಬಾಯಿಪಾಠ ಮಾಡುತ್ತ ಕುಳಿತಿದ್ದಾಗ, ಸಂಧ್ಯಾ ಎಂಬುದು ‘ಸಂಜೆ’ಯಾದದ್ದೂ, ವಿದ್ಯೆ ‘ಬಿಜ್ಜೆ’ಯಾದದ್ದೂ, ಉಪಾಧ್ಯಾಯ ‘ಓಜ’ನಾದದ್ದೂ ಇದೇ ಹಾದಿಯಲ್ಲಿ ಎಂಬುದು ಹೊಳೆಯಿತು. ಪಾಲಿಯಲ್ಲಿ ಅವು ಸಂಝಾ, ವಿಜ್ಜಾ, ಉಪಜ್ಝಾಯ. ಸ್ವರ್ಗವಂತೂ ಎರಡು ಭಾಷೆಯಲ್ಲಿಯೂ ‘ಸಗ್ಗ’ವೇ. ಕನ್ನಡವು ಇವನ್ನು ಪಾಲಿಯಿಂದ ಪಡೆಯಿತೆಂದು ನಾನು ಹೇಳುತ್ತಿಲ್ಲ. ಪ್ರಾಕೃತಗಳ ಸಾಮಾನ್ಯ ಆಸ್ತಿಯಲ್ಲಿ ನಮಗೂ ಪಾಲು ಬಂದಿದೆ ಎನ್ನುತ್ತಿದ್ದೇನೆ. ಅಪಭ್ರಂಶ ಪ್ರಕರಣವನ್ನು ಪರೀಕ್ಷೆಗಾಗಿ ಪಟ್ಟಿ ಮಾಡಿ ಉರು ಹೊಡೆಸಿದ ನಾನು, ಆ ಪಟ್ಟಿಯ ಹಿಂದೆ ಇಷ್ಟು ಅಚ್ಚುಕಟ್ಟಾದ ಯಂತ್ರವಿದೆ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಒಂದು ದಿನವೂ ತೋರಿಸಲಿಲ್ಲ.

ಇದೇ ಸಂತೋಷ ಮುಂದೆ ಅಡ್ಡಿಯೂ ಆಯಿತು. ಯಾವ ಪದ ಕೊಟ್ಟರೂ ನಾನು ಅದರ ಸಂಸ್ಕೃತ ರೂಪ ಹುಡುಕಿ, ಅದು ಹೇಗೆ ಸವೆದು ಪಾಲಿಯಾಯಿತೆಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. 2019ರ ಮಳೆಗಾಲದಲ್ಲಿ, ಧಾತುವನ್ನು ನಾಮವಾಗಿಸುವ ಕೃತ್ ಪ್ರತ್ಯಯಗಳ ಪ್ರಕರಣವಾದ ಕಿಬ್ಬಿಧಾನ ಆರಂಭವಾದಾಗ, ಭಂತೇ ‘ಸತ್ತ’ವನ್ನು ಕೊಟ್ಟರು. ಒಂದು ಸಾಲಿನಲ್ಲಿ ‘ಸತ್ತ್ವ’ ಎಂದು ಬರೆದು ಕಳುಹಿಸಿದೆ. ಪದ ಯಾವ ಊರಿನಿಂದ ಬಂತೆಂದು ನೀವು ಹೇಳಿದ್ದೀರಿ, ಇಲ್ಲಿ ಅದು ಯಾವ ಕೆಲಸ ಮಾಡುತ್ತಿದೆ ಎಂದು ನಾನು ಕೇಳಿದ್ದು ಎಂದರು. ಆಮೇಲೆ ಸುತ್ತಗಳ ಸಂಗ್ರಹವಾದ ಸಂಯುತ್ತನಿಕಾಯದಲ್ಲಿ ರಾಧನೆಂಬ ಭಿಕ್ಷುವಿಗೆ ಬುದ್ಧ ಹೇಳುವ ಮಾತನ್ನು ಓದಿಸಿದರು. ರೂಪದಲ್ಲಿ ಯಾವ ಛಂದ ಎಂದರೆ ಇಚ್ಛೆ, ಯಾವ ರಾಗ, ಯಾವ ತೃಷ್ಣೆಯಿದೆಯೋ ಅದರಲ್ಲಿ ಸತ್ತನಾಗಿ, ವಿಸತ್ತನಾಗಿ ಇರುವುದರಿಂದ ‘ಸತ್ತ’ ಎನ್ನುತ್ತಾರೆ ಎಂಬುದು ಆ ಮಾತು. ಇಲ್ಲಿ ಸತ್ತ ಎಂದರೆ ಅಂಟಿಕೊಂಡದ್ದು, ಆಸಕ್ತ ಎಂಬುದರ ಸಕ್ತ. ‘ಸಞ್ಜ ಸಙ್ಗೇ’ ಎಂಬ ಧಾತುವಿಗೆ ‘ತ’ ಪ್ರತ್ಯಯ. ‘ಭುಜಾದೀನಮನ್ತೋ ನೋ ದ್ವಿ ಚ’ ಎಂಬ ಸೂತ್ರದಿಂದ ಕೊನೆಯ ವ್ಯಂಜನ ಹೋಗಿ ತಕಾರ ಇಮ್ಮಡಿಸುತ್ತದೆ. ಭುತ್ತ, ಯುತ್ತ, ರತ್ತ ಎಂಬವೂ ಇದೇ ಸೂತ್ರದ ಮಕ್ಕಳು. ಪಾಲಿಯಲ್ಲಿ ಏಳು ಎಂಬ ಸಂಖ್ಯೆಗೂ ‘ಸತ್ತ’ ಎಂದೇ ಹೆಸರು. ಸಂಸ್ಕೃತದಲ್ಲಿ ಬೇರೆ ಬೇರೆಯಾಗಿ ನಿಂತ ಸತ್ತ್ವ, ಸಕ್ತ, ಸಪ್ತಗಳು ಇಲ್ಲಿ ಒಂದೇ ಉಚ್ಚಾರಕ್ಕೆ ಬಂದು ಸೇರಿರುವುದರಿಂದಲೇ ಜೀವಿಯನ್ನು ಅಂಟಿಕೊಂಡದ್ದು ಎಂದು ಓದಲು ದಾರಿಯಾಯಿತು. ಸಂಸ್ಕೃತಕ್ಕೆ ಹಿಂತಿರುಗಿಸಿದೊಡನೆ ಆ ದಾರಿ ಮುಚ್ಚಿಕೊಳ್ಳುತ್ತದೆ. ನಾನು ಒಂದು ವರ್ಷ ಪಾಂಡಿತ್ಯವೆಂದುಕೊಂಡು ಮಾಡುತ್ತಿದ್ದುದು ಅದನ್ನೇ.

ಹಾಗಾದರೆ ತಿಪಿಟಕದ ಹಳೆಯ ವ್ಯಾಖ್ಯಾನಗಳಾದ ಅಟ್ಠಕಥೆಗಳು ಪದ ಒಡೆದು ಅರ್ಥ ಹೇಳುವ ಇಂಥ ನಿರ್ವಚನಗಳನ್ನೆಲ್ಲ ಶಬ್ದಗಳ ಚರಿತ್ರೆಯೆಂದು ಒಪ್ಪಿಕೊಳ್ಳಬೇಕೇ ಎಂಬ ಸಂಶಯ ಸಹಜ. ಭಿಕ್ಖು ಎಂದರೆ ‘ಸಂಸಾರೇ ಭಯಂ ಇಕ್ಖತಿ’, ಸಂಸಾರದಲ್ಲಿ ಭಯವನ್ನು ಕಾಣುವವನು ಎಂದು ವಿಸುದ್ಧಿಮಗ್ಗ ಎಂಬ ಹಳೆಯ ಪಾಲಿ ಗ್ರಂಥ ಹೇಳುತ್ತದೆ. ಬೇಡುವ ಅರ್ಥದ ‘ಭಿಕ್ಖ’ ಧಾತು ಅಲ್ಲೇ ಕಣ್ಣಿಗೆ ಕಾಣುತ್ತಿರುವಾಗ ಇದೇಕೆ? ಈ ಸಂಶಯ ಬಗೆಹರಿದದ್ದು ‘ಅಚ್ಛರಿಯ’ ಎಂಬ ಪದದಿಂದ, ನಮ್ಮ ‘ಅಚ್ಚರಿ’ಯಿಂದ. ದೀಘನಿಕಾಯದ ಅಟ್ಠಕಥೆ ಬ್ರಹ್ಮಜಾಲಸುತ್ತವನ್ನು ವಿವರಿಸುವಾಗ ಇದಕ್ಕೆ ಎರಡು ನಿರ್ವಚನ ಕೊಡುತ್ತದೆ. ಕುರುಡನು ಬೆಟ್ಟ ಹತ್ತುವಂತೆ ನಿತ್ಯವೂ ಆಗುವಂಥದಲ್ಲದ್ದು ಅಚ್ಛರಿಯ. ಇದು ‘ಸದ್ದನಯ’, ವೈಯಾಕರಣರ ರೀತಿ. ‘ಅಚ್ಛರಾ’ ಎಂದರೆ ಚಿಟಿಕೆ, ಕಂಡು ಚಿಟಿಕೆ ಹೊಡೆಯಲು ತಕ್ಕದ್ದು ಅಚ್ಛರಿಯ. ಇದು ‘ಅಟ್ಠಕಥಾನಯ’, ವ್ಯಾಖ್ಯಾನಕಾರರ ರೀತಿ. ಎರಡೂ ಬೇರೆ ಬೇರೆ ಎಂದು ಅಟ್ಠಕಥೆ ತಾನೇ ಹೆಸರಿಟ್ಟು ಹೇಳುತ್ತದೆ. ತಿಳಿಯದೆ ಮಾಡಿದ ತಪ್ಪನ್ನು ಯಾರೂ ಹೀಗೆ ಹೆಸರಿಟ್ಟು ಬೇರ್ಪಡಿಸುವುದಿಲ್ಲ. ಹಳಬರಿಗೆ ಧಾತು ಗೊತ್ತಿರಲಿಲ್ಲ, ಆದ್ದರಿಂದ ಮನಬಂದಂತೆ ಬಿಡಿಸಿದರು ಎಂಬ ಇತ್ತೀಚಿನವರ ತೀರ್ಪನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು; ಆ ಪುಟ ಓದಿದ ದಿನ ಅದನ್ನು ಹಿಂತೆಗೆದುಕೊಂಡೆ. ಆದರೂ ಎಲ್ಲ ನಿರ್ವಚನಗಳೂ ನನ್ನ ಮನಸ್ಸಿಗೆ ಹಿಡಿಸಿವೆ ಎನ್ನಲಾರೆ. ದುಕ್ಖವನ್ನು ‘ದು’ ಎಂದರೆ ಕುತ್ಸಿತ, ‘ಖ’ ಎಂದರೆ ಬರಿದಾದ ಆಕಾಶ ಎಂದು ಒಡೆಯುವುದು ನನಗೆ ಈಗಲೂ ಬಲವಂತವೆನಿಸುತ್ತದೆ.

2019ರ ಡಿಸೆಂಬರ್‌ನಲ್ಲಿ ಒಂದು ತಿಂಗಳು ಸಗಾಯಿಂಗ್‌ನಲ್ಲಿಯೇ ಇದ್ದೆ. ಐರಾವತಿ ನದಿಯ ಪಶ್ಚಿಮ ದಂಡೆಯ ಆ ಗುಡ್ಡಗಳಲ್ಲಿ ಬೆಳಗಿನ ಜಾವದಲ್ಲಿಯೇ ಸಾಮಣೇರರ, ಎಂದರೆ ಇನ್ನೂ ಭಿಕ್ಷುಗಳಾಗದ ಕಿರಿಯರ, ಪಠಣ ಶುರುವಾಗುತ್ತದೆ. ಹತ್ತು ಹನ್ನೆರಡು ವರ್ಷದ ಹುಡುಗರು ಒಬ್ಬೊಬ್ಬರು ಒಂದೊಂದು ಸೂತ್ರವನ್ನು ಏಕಕಾಲಕ್ಕೆ ಕೂಗುತ್ತಾರೆ. ಯಾರಿಗೂ ಯಾರದ್ದೂ ಅಡ್ಡಬರುವುದಿಲ್ಲ. ನಾನು ಮೂರು ವಾರ ಉರು ಹೊಡೆದ ಗಣಸೂತ್ರಗಳನ್ನು ಒಬ್ಬ ಹುಡುಗ ಉಸಿರು ಬಿಡುವಷ್ಟರಲ್ಲಿ ಒಪ್ಪಿಸಿ ನನ್ನ ಮುಖ ನೋಡಿ ನಕ್ಕ. ಬರ್ಮೀ ಅಕ್ಷರಗಳನ್ನು ಕಲಿಯತೊಡಗಿದ್ದು ಆಗಲೇ. ಗಕಾರವು ನಮ್ಮ ಗಕಾರದ ಒಡಹುಟ್ಟಿದಂತೆ ಕಂಡು ಧೈರ್ಯ ಬಂತು. ಒಂದು ದಿನ ಮಂಡಲೆಗೆ ಹೋಗಿ, ಮಿಂಡೋನ್ ದೊರೆ ತಿಪಿಟಕವನ್ನು ಕೆತ್ತಿಸಿದ 729 ಅಮೃತಶಿಲೆಯ ಹಲಗೆಗಳ ನಡುವೆ ನಡೆದಾಡಿದೆ. ಒಂದು ಹಲಗೆಯ ಮುಂದೆ ಅರ್ಧ ಗಂಟೆ ನಿಂತು ತಡವರಿಸಿ ಒಂದು ಸಾಲು ಓದಿದಾಗ ಸಿಕ್ಕಿದ್ದು ‘ಗಚ್ಛತಿ’ಯೇ.

ಸದ್ದನೀತಿ ಎಂಬ ಇನ್ನೊಂದು ಪಾಲಿ ವ್ಯಾಕರಣದ ಪರಿಚಯವೂ ಅಲ್ಲಿಯೇ ಆಯಿತು. ಅಗ್ಗವಂಸನು ಅದನ್ನು 1154ರಲ್ಲಿ ಪಗಾನಿನಲ್ಲಿ ಬರೆದನು. ಅದರ ಧಾತುಮಾಲಾ ಭಾಗದಲ್ಲಿ ಧಾತುಗಳನ್ನು ಅವುಗಳ ಕೊನೆಯ ಅಕ್ಷರದ ಕ್ರಮದಲ್ಲಿ ಪೋಣಿಸಿ, ಪ್ರತಿಯೊಂದಕ್ಕೂ ಅರ್ಥ, ರೂಪ, ಅದರಿಂದ ಹುಟ್ಟಿದ ನಾಮಗಳು, ತಿಪಿಟಕದಲ್ಲಿ ಅವು ಬರುವ ಸ್ಥಳ ಎಲ್ಲವನ್ನೂ ಹೇಳುತ್ತ ಹೋಗುತ್ತಾನೆ. ನಿಘಂಟಿನ ಹಾಗೆ ಹುಡುಕಲು ತೆರೆದರೆ ಆಯಾಸ, ಓದಲು ತೆರೆದರೆ ಮುಚ್ಚಲು ಮನಸ್ಸಾಗುವುದಿಲ್ಲ.

ಇಷ್ಟೆಲ್ಲ ಕಲಿತದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಸಾಧನ’ದ ವಿಚಾರ. ಧಾತುವಿಗೆ ಕೃತ್ ಪ್ರತ್ಯಯ ಹತ್ತಿ ನಾಮವಾದಾಗ ಅದು ಯಾವ ಕಾರಕದಲ್ಲಿ ನಿಂತಿದೆ ಎಂದು ಕೇಳಬೇಕು. ಮಾಡುವವನೇ, ಮಾಡಲು ಬಳಸುವ ಉಪಕರಣವೇ, ಮಾಡಲ್ಪಟ್ಟದ್ದೇ, ಮಾಡುವ ಜಾಗವೇ, ಅಥವಾ ಬರಿಯ ಮಾಡುವಿಕೆಯೇ? ಪ್ರತಿ ಪದಕ್ಕೂ ವಿಗ್ರಹವಾಕ್ಯ, ಎಂದರೆ ಅದನ್ನು ಬಿಡಿಸಿ ಅರ್ಥ ಹೇಳುವ ವಾಕ್ಯ, ಹೇಳಿ ಇದನ್ನು ತೀರ್ಮಾನಿಸಬೇಕು. ಮೊದಮೊದಲು ನನಗಿದು ಪರೀಕ್ಷೆಯ ಪ್ರಶ್ನೆಯಂತೆ ಕಂಡಿತ್ತು. ನಮ್ಮ ಮಕ್ಕಳು ಕೃದಂತ ನಾಮ, ಕೃದಂತ ಭಾವನಾಮ ಎಂದು ಗುರುತು ಹಾಕುವುದಿಲ್ಲವೇ, ಹಾಗೆ.

2020ರ ಏಪ್ರಿಲ್‌ನಲ್ಲಿ, ಇಲ್ಲಿಯೂ ಅಲ್ಲಿಯೂ ಎಲ್ಲರೂ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳಲ್ಲಿ, ‘ಚಿತ್ತ’ವನ್ನು ತೆಗೆದುಕೊಂಡೆವು. ಬೌದ್ಧ ತತ್ತ್ವವಿಚಾರದ ಕೈಪಿಡಿಯಾದ ಅಭಿಧಮ್ಮತ್ಥಸಙ್ಗಹಕ್ಕೆ ಸಿಂಹಳದ ಸುಮಂಗಲರು ಹನ್ನೆರಡನೆಯ ಶತಮಾನದಲ್ಲಿ ಬರೆದ ವಿಭಾವಿನೀ ಟೀಕೆಯಲ್ಲಿ ಅದಕ್ಕೆ ಮೂರು ವಿಗ್ರಹಗಳಿವೆ. ‘ಚಿನ್ತೇತೀತಿ ಚಿತ್ತಂ’, ಚಿಂತಿಸುತ್ತದೆ ಆದ್ದರಿಂದ ಚಿತ್ತ, ಇದು ಕತ್ತುಸಾಧನ. ಇದರಿಂದ ಜೊತೆಯ ಧರ್ಮಗಳು, ಎಂದರೆ ಇದರೊಡನೆ ಹುಟ್ಟುವ ಮನೋವ್ಯಾಪಾರಗಳು, ಚಿಂತಿಸುತ್ತವೆ ಆದ್ದರಿಂದ ಚಿತ್ತ, ಇದು ಕರಣಸಾಧನ. ‘ಚಿನ್ತನಮತ್ತಂ ಚಿತ್ತಂ’, ಚಿಂತನೆಯಷ್ಟೇ ಚಿತ್ತ, ಇದು ಭಾವಸಾಧನ. ಮೂರನ್ನೂ ಕೊಟ್ಟ ಮೇಲೆ ಟೀಕಾಕಾರರು ಮುಂದುವರಿದು, ಪರಮಾರ್ಥಧರ್ಮಗಳೆಲ್ಲವೂ, ಎಂದರೆ ನಿಜವಾಗಿ ಇರುವವೆಲ್ಲವೂ, ತಮ್ಮ ಕಾರಣಗಳಿಗೆ ತಕ್ಕಂತೆ ನಡೆಯುವ ನಡೆಯಷ್ಟೇ ಆಗಿರುವುದರಿಂದ ಅವುಗಳಿಗೆ ನೇರವಾಗಿ ಸಲ್ಲುವುದು ಭಾವಸಾಧನ ಒಂದೇ, ಕರ್ತೃವಾಗಿಯೂ ಕರಣವಾಗಿಯೂ ಬಿಡಿಸುವುದು ಉಪಚಾರದ ಮಾತು ಎನ್ನುತ್ತಾರೆ. ನಾನು ಆ ವಾಕ್ಯವನ್ನು ಮೂರು ಸಲ ಓದಿದೆ. ಚಿಂತನೆಯಿದೆ, ಅದರ ಹಿಂದೆ ಚಿಂತಿಸುವವನೊಬ್ಬ ಕುಳಿತಿಲ್ಲ ಎಂಬ ಮಾತನ್ನು ನಾನು ಉಪನ್ಯಾಸಗಳಲ್ಲಿ ಹಲವು ಬಾರಿ ಕೇಳಿದ್ದೆ, ತಲೆಯಾಡಿಸಿದ್ದೆ. ಒಂದು ಪ್ರತ್ಯಯ ಯಾವ ಅರ್ಥದಲ್ಲಿ ಬಂದಿದೆ ಎಂಬ ಪ್ರಶ್ನೆಯ ಮೇಲೆ ಅದಿಷ್ಟೂ ನಿಂತಿರಬಹುದೆಂದು ಎಣಿಸಿರಲಿಲ್ಲ.

ಭಂತೇ ನನ್ನ ಮೌನವನ್ನು ಕಂಡು ಅರ್ಥವಾಗಲಿಲ್ಲವೆಂದು ತಿಳಿದರೇನೋ. ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರು. ಚಿತ್ತ ಎಂದೇ ಹೇಳುತ್ತೇವೆ, ಮನಸ್ಸು ಎಂದೂ ಹೇಳುತ್ತೇವೆ ಎಂದೆ. ಅವು ನಿಮ್ಮವಲ್ಲ, ನಿಮ್ಮದೇ ಆದ ಪದ ಎಂದರು. ‘ಅರಿವು’ ಎಂದೆ.

“ಧಾತು?”

“ಅರಿ, ತಿಳಿಯುವ ಅರ್ಥದಲ್ಲಿ.”

“ಪ್ರತ್ಯಯ?”

“ವು.”

“ಸಾಧನ?”

ಭಾವ ಎಂದು ಹೇಳಲು ಬಾಯಿ ತೆರೆದವನು ಒಂದು ಕ್ಷಣ ಸುಮ್ಮನಾದೆ. ಅರಿಯುವವನು ಎಂಬುದಕ್ಕೆ ನಮ್ಮಲ್ಲಿ ಬೇರೆ ರೂಪವೇ ಇದೆ. ‘ಅರಿವು’ ಎಂಬ ಪದದೊಳಗೆ ಅವನಿಗೆ ಜಾಗವಿಲ್ಲ. ಮೂವತ್ತೊಂದು ವರ್ಷ ಅದನ್ನು ಭಾವನಾಮವೆಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆ.

ಅದೇ ಪ್ರತ್ಯಯದ ಇನ್ನೆರಡು ಉದಾಹರಣೆ ಕೊಡಿ ಎಂದರು. ನೋವು, ಸಾವು ಎಂದೆ. ಹಾಗೆಯೇ, ಕನ್ನಡದಲ್ಲಿ ‘ಸತ್ತ’ ಎಂದರೆ ಏನೆಂಬುದನ್ನೂ ಆ ದಿನ ಮೊದಲ ಬಾರಿಗೆ ಅವರಿಗೆ ಹೇಳಿದೆ. ಭಂತೇ ಗಟ್ಟಿಯಾಗಿ ನಕ್ಕು, ಮೂರು ಪದಗಳನ್ನೂ ತಮ್ಮ ಗುಂಡಗಿನ ಅಕ್ಷರಗಳಲ್ಲಿ ಬರೆದುಕೊಂಡರು. ‘ಅರಿವು’ ಎಂಬುದನ್ನು ಓದಿ ತೋರಿಸಿದಾಗ ರೇಫ ಯಕಾರವಾಗಿ ‘ಅಯಿವು’ ಎಂದಾಯಿತು. ತಿದ್ದಲು ಹೋಗಲಿಲ್ಲ, ಮರುದಿನಕ್ಕೆ ಐದು ಸೂತ್ರಗಳು ಬಾಕಿಯಿದ್ದವು.